ಒಣ ಸೀಮೆಯ ಊರಿನ ಹೆಸರು

ಮರುಭೂಮಿಯಲ್ಲಿ ನಗರವೇಕೆ ಹುಟ್ಟಬೇಕು, ಹುಟ್ಟಿದ ಮೇಲೆ ಅದೇಕೆ ಉಳಿಯಬೇಕು ಎಂಬ ಪ್ರಶ್ನೆ ಹೊಳೆಯ ದಂಡೆಯಲ್ಲಿ ಬೆಳೆದವರಿಗೆ ಸಹಜವಾಗಿಯೇ ಏಳುವುದು. ಕುಡಿಯಲು ನೀರಿಲ್ಲ, ಬೆಳೆಗೆ ಮಳೆಯಿಲ್ಲ, ಬೇಸಿಗೆಯಲ್ಲಿ ನೆರಳಿಲ್ಲ. ಆದರೂ ರಾಜಸ್ಥಾನದ ಮರಳಿನ ನಡುವೆ ೧೧೫೬ರಲ್ಲಿ ಜೈಸಲಮೇರು ಎದ್ದಿತು, ೧೪೫೯ರಲ್ಲಿ ಜೋಧಪುರ ಎದ್ದಿತು, ೧೪೮೮ರಲ್ಲಿ ಬಿಕಾನೇರು ಎದ್ದಿತು. ಮೂರೂ ಇಂದಿಗೂ ನಿಂತಿವೆ. ನಿಂತಿರುವುದು ಮಾತ್ರವಲ್ಲ, ಹೆಸರು ಹೇಳಿದೊಡನೆಯೇ ಕಣ್ಣಿಗೆ ಕಟ್ಟುತ್ತವೆ. ಮೈಲುಗಟ್ಟಲೆ ಹಸಿರು ಹಬ್ಬಿರುವ ಎಷ್ಟೋ ಊರುಗಳಿಗೆ ಈ ಭಾಗ್ಯವಿಲ್ಲ.

ಕಾರಣವನ್ನು ಕೋಟೆ-ಅರಮನೆಗಳಲ್ಲಿ ಹುಡುಕುವುದು ಪ್ರವಾಸಿಗಳ ರೂಢಿ. ಕೋಟೆಗಳು ಎಲ್ಲಿಲ್ಲ? ಬಿಕಾನೇರಿನ ಗುರುತು ಅದರ ಕೋಟೆಗಿಂತ ಹೆಚ್ಚಾಗಿ ಅಲ್ಲಿಯ ಭುಜಿಯಾದಲ್ಲಿದೆ ಎಂದರೆ ಇತಿಹಾಸಕಾರರು ಮುನಿಯಬಹುದು, ಅಂಗಡಿಕಾರರು ಮುನಿಯಲಾರರು. ಆ ಭುಜಿಯಾದ ಹಿಟ್ಟು ಮಡಿಕೆ ಕಾಳಿನದು. ಮಳೆ ಕೈಕೊಟ್ಟ ವರ್ಷವೂ ನೆಲಕ್ಕೆ ಅಂಟಿಕೊಂಡು ನಾಲ್ಕು ಕಾಯಿ ಕೊಡುವ ಬಡ ಬಳ್ಳಿ ಅದು. ಬೇರೇನೂ ಬೆಳೆಯದ ನೆಲದಲ್ಲಿ ಬೆಳೆದುದನ್ನೇ ಅಲ್ಲಿಯ ಜನ ಜಗತ್ತಿಗೆ ರುಚಿಯಾಗಿ ಉಣಬಡಿಸಿದರು. ಜೈಸಲಮೇರಿನಲ್ಲಿ ವರ್ಷದ ಮಳೆ ಸುಮಾರು ೨೦೦ ಮಿಲಿಮೀಟರು. ಮರವಿಲ್ಲದ ಆ ಊರಿನವರು ಹಳದಿ ಕಲ್ಲನ್ನೇ ಮರದಂತೆ ಕೆತ್ತಿ ಕಿಟಕಿ-ಜಾಲಂದ್ರಗಳನ್ನು ಮಾಡಿದರು. ಒಂಟೆಯ ದಾರಿಯ ವ್ಯಾಪಾರವನ್ನು ಮುಂಬಯಿಯ ಬಂದರು ಸೆಳೆದುಕೊಂಡ ಮೇಲೆ ಅಲ್ಲಿಯ ಸಿರಿ ಕರಗಿತು. ಕಲ್ಲು ಉಳಿಯಿತು, ಹೆಸರು ಉಳಿಯಿತು. ಒಣ ನೆಲದ ನಗರಕ್ಕೆ ವ್ಯಕ್ತಿತ್ವ ಬರುವುದು ಹೀಗೆ. ಅಲ್ಲಿ ಇಲ್ಲದಿರುವುದರ ಪಟ್ಟಿ ದೊಡ್ಡದು. ಇರುವ ಒಂದೆರಡನ್ನು ಅಲ್ಲಿಯ ಕೈಗಳು ಏನು ಮಾಡಿದವು ಎಂಬುದರಲ್ಲಿ ಅದರ ಆಕರ್ಷಣೆಯೆಲ್ಲ ಅಡಗಿರುತ್ತದೆ.

ಕನ್ನಡ ನಾಡಿನಲ್ಲಿ ಮರಳುಗಾಡಿಲ್ಲ. ಆದರೆ ಸಹ್ಯಾದ್ರಿ ತನ್ನ ಪಡುವಣ ಮಗ್ಗುಲಿಗೆ ಮಳೆಯನ್ನೆಲ್ಲ ಸುರಿಸಿಕೊಂಡು ಮೂಡಣಕ್ಕೆ ಬರಿಯ ಗಾಳಿಯನ್ನು ಕಳಿಸುವ ಸೀಮೆಯೊಂದಿದೆ. ಆ ಸೀಮೆಯ ದೊಡ್ಡ ನಗರ ವಿಜಯಪುರ, ಹಿಂದಿನ ಬಿಜಾಪುರ. ಗೋಳಗುಮ್ಮಟವನ್ನು ನೋಡಿ ಬೆರಗಾಗಿ ಹಿಂದಿರುಗುವವರಲ್ಲಿ ಬಹುಮಂದಿ ಆ ನಗರವನ್ನು ನಿಜವಾಗಿ ಬದುಕಿಸಿದ ಕಟ್ಟಡಗಳನ್ನು ಕಾಣುವುದೇ ಇಲ್ಲ. ೧೫೭೯ರ ಚಾಂದ ಬಾವಡಿ, ೧೬೨೦ರ ತಾಜ ಬಾವಡಿ, ೧೬೫೧ರ ಬೇಗಂ ತಲಾಬು, ತೊರವೆಯ ಕಡೆಯಿಂದ ನೆಲದೊಳಗೆ ನೀರನ್ನು ನಡೆಸಿ ತಂದ ಸುರಂಗ ಬಾವಿಗಳು, ಇವು ಇಲ್ಲದಿದ್ದರೆ ಆದಿಲಶಾಹಿ ಸುಲ್ತಾನರು ಗುಮ್ಮಟ ಕಟ್ಟುವ ಮೊದಲೇ ಗಂಟುಮೂಟೆ ಕಟ್ಟಬೇಕಾಗುತ್ತಿತ್ತು.

ಆದರೆ ರಾಜಧಾನಿಗಳ ಮಾತು ಸುಲಭ. ಖಜಾನೆಯಿದ್ದಲ್ಲಿ ನೀರು ಏರನ್ನೂ ಹತ್ತುವುದು. ಸುಲ್ತಾನನಿಲ್ಲದ, ಕೋಟೆಯ ವೈಭವವಿಲ್ಲದ ಒಂದು ಪೇಟೆ ಒಣ ನೆಲದ ಮೇಲೆ ತನ್ನ ಹೆಸರನ್ನು ಹೇಗೆ ಗಳಿಸಿತು ಎಂಬುದನ್ನು ಅರಿಯಬೇಕಾದರೆ ವಿಜಯಪುರದಿಂದ ಪಶ್ಚಿಮಕ್ಕೆ ಎಪ್ಪತ್ತು-ಎಂಬತ್ತು ಕಿಲೋಮೀಟರು ಸರಿದು ಅಥಣಿಗೆ ಬರಬೇಕು.

ಬೆಳಗಾವಿ ಜಿಲ್ಲೆಯ ಉತ್ತರದ ಅಂಚಿನಲ್ಲಿ ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಕಾಗವಾಡ, ಅಥಣಿ ಎಂಬ ಐದು ತಾಲೂಕುಗಳು ಮಹಾರಾಷ್ಟ್ರದ ಮಗ್ಗುಲಿನಲ್ಲಿವೆ. ಕಾಗವಾಡ ಮತ್ತು ನಿಪ್ಪಾಣಿ ಈಚಿನ ವರ್ಷಗಳಲ್ಲಿ ತಾಲೂಕಿನ ಪದವಿಗೇರಿದವು. ಅದಕ್ಕೆ ಮೊದಲು ಒಂದು ಅಥಣಿಯ ಮಡಿಲಲ್ಲಿಯೂ ಇನ್ನೊಂದು ಚಿಕ್ಕೋಡಿಯ ಮಡಿಲಲ್ಲಿಯೂ ಇದ್ದವು. ನಿಪ್ಪಾಣಿಯಿಂದ ಅಥಣಿಯ ಕಡೆಗೆ ಹೊರಟವನಿಗೆ ನೆಲವೇ ದಾರಿಯ ಲೆಕ್ಕವನ್ನು ಹೇಳುತ್ತದೆ. ಪಡುವಣದಲ್ಲಿ ವೇದಗಂಗೆ-ದೂಧಗಂಗೆಯರ ತೇವ, ತಂಬಾಕಿನ ಹೊಲ. ನಡುವೆ ಕೃಷ್ಣೆಯ ಎರೆ, ಕಬ್ಬಿನ ದಟ್ಟಣೆ. ಮೂಡಣಕ್ಕೆ ಸಾಗಿದಂತೆ ಬಯಲು ಅಗಲವಾಗುತ್ತದೆ, ಜಾಲಿ ಹೆಚ್ಚುತ್ತದೆ, ಬಾವಿ ಆಳವಾಗುತ್ತದೆ.

ಈ ಐದರಲ್ಲಿ ಒಂದೊಂದಕ್ಕೂ ಒಂದೊಂದು ಗುರುತುಂಟು. ನಿಪ್ಪಾಣಿಯನ್ನು ಕಣ್ಣು ಮುಚ್ಚಿಕೊಂಡೇ ಗುರುತಿಸಬಹುದು. ಬೀಡಿ ತಂಬಾಕಿನ ಘಾಟು ಊರಿನ ವಿಳಾಸವನ್ನು ಮೂಗಿಗೆ ತಲುಪಿಸುತ್ತದೆ. ಆ ತಂಬಾಕಿಗೆ ನ್ಯಾಯವಾದ ಬೆಲೆ ಬೇಕೆಂದು ೧೯೮೧ರಲ್ಲಿ ರೈತರು ಹೆದ್ದಾರಿಯ ಮೇಲೆ ಕುಳಿತರು, ಏಪ್ರಿಲಿನಲ್ಲಿ ಗುಂಡಿಗೆ ಎದೆಯೊಡ್ಡಿದರು. ಆ ನೆನಪು ಅಲ್ಲಿ ಇನ್ನೂ ಹಸಿಯಾಗಿದೆ. ರಾಯಬಾಗ ತಾಲೂಕಿನ ಚಿಂಚಲಿಯ ಮಾಯಕ್ಕನ ಜಾತ್ರೆಗೆ ಎರಡು ರಾಜ್ಯಗಳ ಬಂಡಿಗಳು ಬರುತ್ತವೆ. ದಿಗಂಬರ ಜೈನ ಪರಂಪರೆಯನ್ನು ಇಪ್ಪತ್ತನೆಯ ಶತಮಾನದಲ್ಲಿ ಮತ್ತೆ ದೇಶದ ತುಂಬ ನಡೆದಾಡಿಸಿದ ಮುನಿಗಳಲ್ಲಿ ಮೂವರು ಈ ಸಣ್ಣ ವರ್ತುಲದಿಂದಲೇ ಹೊರಟವರು: ಭೋಜದ ಶಾಂತಿಸಾಗರರು, ಶೇಡಬಾಳದ ವಿದ್ಯಾನಂದರು, ಸದಲಗದಲ್ಲಿ ೧೯೪೬ರಲ್ಲಿ ಹುಟ್ಟಿ ೨೦೨೪ರಲ್ಲಿ ಡೋಂಗರಗಡದಲ್ಲಿ ದೇಹವಿಟ್ಟ ವಿದ್ಯಾಸಾಗರರು. ಅದೇ ಶೇಡಬಾಳದ ಮಿರ್ಜಿ ಅಣ್ಣಾರಾಯರು ಕೃಷ್ಣೆಯ ದಂಡೆಯ ಒಕ್ಕಲಿಗರ ಬಾಳನ್ನು ಅವರದೇ ಆಡುಮಾತಿನ ಬನಿಯೊಡನೆ ‘ನಿಸರ್ಗ’ ಕಾದಂಬರಿಗೆ ತಂದರು. ಇವೆಲ್ಲ ಬೇರೆ ಬೇರೆ ಲೇಖನಕ್ಕೆ ತಕ್ಕ ವಿಷಯಗಳು. ಒಣ ಸೀಮೆಯ ಊರು ಎಂಬ ಮಾತಿಗೆ ಸಲ್ಲುವುದು ಅಥಣಿಯೊಂದೇ.

ಅಥಣಿಯಲ್ಲಿ ವರ್ಷದ ಮಳೆ ೫೦೦ರಿಂದ ೬೦೦ ಮಿಲಿಮೀಟರಿನ ಆಸುಪಾಸು. ಕೃಷ್ಣೆ ಹುಟ್ಟುವ ಮಹಾಬಳೇಶ್ವರದಲ್ಲಿ ಇದರ ಹತ್ತು ಪಟ್ಟು ಸುರಿಯುತ್ತದೆ. ಅದೇ ಕೃಷ್ಣೆ ತಾಲೂಕಿನ ತೆಂಕಣ ಅಂಚನ್ನು ಬಳಸಿಕೊಂಡು ಹರಿದುಹೋಗುತ್ತದೆ. ಆದುದರಿಂದ ಇಲ್ಲಿಯ ಬರಗಾಲಕ್ಕೆ ಒಂದು ವಿಚಿತ್ರ ಕ್ರೌರ್ಯವಿದೆ. ೨೦೦೫ರಲ್ಲಿ, ಮತ್ತೆ ೨೦೧೯ರ ಆಗಸ್ಟಿನಲ್ಲಿ, ಹೊಳೆಯ ದಂಡೆಯ ಹಳ್ಳಿಗಳ ಜನ ನೆರೆಯಿಂದ ತಪ್ಪಿಸಿಕೊಳ್ಳಲು ಮನೆ ಬಿಟ್ಟು ಎತ್ತರದ ನೆಲ ಸೇರಿದರು. ಅದೇ ತಾಲೂಕಿನ ಉತ್ತರದ ಹಳ್ಳಿಗಳು ಬಲ್ಲುದು ಬೇರೊಂದನ್ನು: ಟ್ಯಾಂಕರಿನ ದಾರಿ ಕಾಯುವ ಬೇಸಿಗೆ. ಒಂದೇ ತಹಶೀಲ್ದಾರ ಕಚೇರಿ ನೆರೆಯ ಪರಿಹಾರವನ್ನೂ ಬರದ ಪರಿಹಾರವನ್ನೂ ಹಂಚಬೇಕಾಗಿ ಬರುವ ಊರು ಭೂಪಟದಲ್ಲಿ ಎಷ್ಟಿರಬಹುದು?

ಇಂತಹ ನೆಲದಲ್ಲಿ ಬಿಳಿಜೋಳ ಬೆಳೆಯುತ್ತದೆ. ಹಿಂಗಾರಿಯ ಜೋಳಕ್ಕೆ ಎರೆಮಣ್ಣಿನಲ್ಲಿ ಉಳಿದ ತೇವ, ಚಳಿಗಾಲದ ಇಬ್ಬನಿ ಇಷ್ಟಾದರೆ ಸಾಕು. ಖಟಕ ರೊಟ್ಟಿ, ಶೇಂಗಾದ ಹಿಂಡಿ, ಮಡಿಕೆ ಕಾಳಿನ ಪಲ್ಯ, ಇವು ವಾರಗಟ್ಟಲೆ ಕೆಡದೆ ಬುತ್ತಿಯಲ್ಲಿ ನಿಲ್ಲುವ ಅಡಿಗೆಗಳು, ಪಲ್ಯವೊಂದನ್ನು ಬಿಟ್ಟರೆ. ಬಿಕಾನೇರಿನ ಗೃಹಿಣಿ ಅಥಣಿಯ ಅಡಿಗೆಮನೆಗೆ ಬಂದರೆ ಭಾಷೆ ತಿಳಿಯದೆಯೂ ಡಬ್ಬಿಗಳ ಗುರುತು ಹಿಡಿದಾಳು.

ಊರಿಗೆ ಹಿಂದೆ ಒಂದು ಘನತೆಯಿತ್ತು. ಬಿಜಾಪುರಕ್ಕೂ ಗೋವೆಗೂ ನಡುವಣ ದಾರಿಯಲ್ಲಿ ಅಥಣಿ ದೊಡ್ಡ ಪೇಟೆಯಾಗಿತ್ತೆಂಬುದು ೧೬೩೯ರ ಸುಮಾರಿಗೆ ಈ ಸೀಮೆಯನ್ನು ವರ್ಣಿಸಿದ ಜರ್ಮನ್ ಪ್ರವಾಸಿ ಮ್ಯಾಂಡೆಲ್ಸ್ಲೋನ ಬರಹದಿಂದ ತಿಳಿದುಬರುತ್ತದೆ. ಪೇಟೆಯ ಸಿರಿ ಸುಲಿಗೆಯನ್ನೂ ಕರೆತರುವುದು. ೧೬೭೯ರಲ್ಲಿ ಮೊಗಲರ ಸೇನಾನಿ ದಿಲೇರಖಾನನು ಅಥಣಿಯನ್ನು ಕೊಳ್ಳೆಹೊಡೆದನು. ಸೆರೆಸಿಕ್ಕ ಊರಿನವರನ್ನು ಗುಲಾಮರನ್ನಾಗಿ ಮಾರಲು ಹವಣಿಸಿದನು. ಆಗ ತಂದೆಯೊಡನೆ ಮುನಿದು ಮೊಗಲರ ಪಾಳಯದಲ್ಲಿದ್ದ ಶಿವಾಜಿಯ ಮಗ ಸಂಭಾಜಿಯು ಇದನ್ನು ವಿರೋಧಿಸಿದನೆಂದೂ, ತನ್ನ ಮಾತು ನಡೆಯದಿರಲು ಪಾಳಯವನ್ನೇ ತೊರೆದು ತಂದೆಯ ಬಳಿಗೆ ಮರಳಿದನೆಂದೂ ಇತಿಹಾಸಕಾರರು ಹೇಳುವರು. ಮರಾಠರ ಚರಿತ್ರೆಯ ಒಂದು ದೊಡ್ಡ ತಿರುವಿಗೆ ಅಥಣಿಯ ಬಡಪಾಯಿ ಸೆರೆಯಾಳುಗಳು ನಿಮಿತ್ತರಾದರು. ಅವರ ಹೆಸರುಗಳನ್ನು ಮಾತ್ರ ಯಾವ ಬಖರೂ ಬರೆದಿಡಲಿಲ್ಲ.

ಪೇಟೆಯ ಆ ವೈಭವ ದಾರಿಗಳು ಬದಲಾದಂತೆ ಬದಲಾಯಿತು. ಉಳಿದುದು, ಒಣ ನೆಲವೇ ಕಲಿಸಿದ ಒಂದು ಕಸುಬು.

ಮಳೆ ಕಡಿಮೆಯಿರುವಲ್ಲಿ ದನ, ಎಮ್ಮೆ, ಆಡುಗಳೇ ಒಕ್ಕಲಿಗನ ವಿಮೆ. ದನಗಳಿದ್ದಲ್ಲಿ ಚರ್ಮವುಂಟು. ಇದೇ ಬಯಲಿನಲ್ಲಿ ಯಾರೂ ನೆಡದೆ ಬೆಳೆಯುವ ಜಾಲಿಯ ತೊಗಟೆಯಲ್ಲಿ ಚರ್ಮವನ್ನು ಹದ ಮಾಡುವ ಒಗರು ತುಂಬಿದೆ. ಅಳಲೆಕಾಯಿ ಸಹ್ಯಾದ್ರಿಯ ಕಾಡಿನಿಂದ ಪೇಟೆಗೆ ಬರುತ್ತದೆ. ಸುಣ್ಣ ಸಿಗುತ್ತದೆ. ಇನ್ನು ಬೇಕಾದುದು ಚುರುಕಾದ ಬಿಸಿಲು; ಅದಕ್ಕಂತೂ ಇಲ್ಲಿ ಎಂದೂ ಬರಗಾಲವಿಲ್ಲ. ಬಡ ನೆಲ ತನ್ನ ಬಡತನದ ಸಾಮಗ್ರಿಗಳನ್ನೆಲ್ಲ ಒಂದೆಡೆ ಕೂಡಿಸಿಕೊಟ್ಟಿತು, ಮನುಷ್ಯ ಅದರಿಂದ ಕಾಲ್ಮರಿ ಮಾಡಿದನು.

ಆ ಮಾಟವನ್ನು ತುಸು ವಿವರವಾಗಿಯೇ ಹೇಳಬೇಕು. ಏಕೆಂದರೆ ಪಟ್ಟಣದ ಅಂಗಡಿಯಲ್ಲಿ ಗಾಜಿನ ಕಪಾಟಿನೊಳಗಿನ ಜೋಡನ್ನು ಆರಿಸುವ ಗೃಹಸ್ಥರಿಗೆ ಅದರ ಹಿಂದಿನ ತಿಂಗಳುಗಳ ಕಲ್ಪನೆ ಇರುವುದು ಕಡಿಮೆ. ಹಸಿಚರ್ಮವನ್ನು ಮೊದಲು ಸುಣ್ಣದ ನೀರಿನಲ್ಲಿ ನೆನೆಹಾಕುವರು. ಕೂದಲು ಸಡಿಲಿದ ಮೇಲೆ ಅದನ್ನೂ ಒಳಮೈಗೆ ಅಂಟಿದ ಮಾಂಸವನ್ನೂ ಹೆರೆದು ತೆಗೆಯುವರು. ಸುಣ್ಣ ಹೋಗುವಂತೆ ತೊಳೆದು, ಕುಟ್ಟಿದ ಜಾಲಿ ತೊಗಟೆಯ ನೀರಿನಲ್ಲಿ ಅದ್ದಿಡುವರು. ಆಮೇಲಿನದು ಈ ಸೀಮೆಯ ವಿಶೇಷ. ಇಡಿಯ ಚರ್ಮವನ್ನು ಚೀಲದಂತೆ ಹೊಲಿದು, ಬಾಯಿ ಮೇಲಾಗಿ ತೂಗುಹಾಕಿ, ಅದರೊಳಗೆ ತೊಗಟೆಯ ಕಷಾಯವನ್ನೂ ಅಳಲೆಕಾಯಿಯ ಪುಡಿಯನ್ನೂ ತುಂಬುವರು. ಕಷಾಯ ಚರ್ಮದ ಒಳಗಿನಿಂದ ಹೊರಕ್ಕೆ ಜಿನುಗುತ್ತ ಎಳೆಯೆಳೆಯನ್ನೂ ಹದಗೊಳಿಸುತ್ತದೆ. ಜಿನುಗಿದುದನ್ನು ಮತ್ತೆ ಮೊಗೆದು ಚೀಲಕ್ಕೆ ಸುರಿಯುವರು. ಒಂದು ದಿನ ಕಳೆದ ಮೇಲೆ ಚೀಲವನ್ನು ತಲೆಕೆಳಗು ಮಾಡಿ, ಕೆಳಗಿದ್ದ ಭಾಗಕ್ಕೂ ಮೇಲಿದ್ದ ಭಾಗಕ್ಕೂ ಸಮನಾದ ಹದ ಬರುವಂತೆ ನೋಡಿಕೊಳ್ಳುವರು. ಹಸಿಚರ್ಮ ಅಟ್ಟೆಯ ಚರ್ಮವಾಗಿ ಹೊರಬರುವಷ್ಟರಲ್ಲಿ ಒಂದು ತಿಂಗಳು ಮೀರಿರುತ್ತದೆ. ಕ್ರೋಮಿನ ಉಪ್ಪಿನಿಂದ ಇದೇ ಕೆಲಸ ಕೆಲವೇ ದಿನಗಳಲ್ಲಿ ಮುಗಿಯುವುದುಂಟು. ಆದರೆ ತೊಗಟೆಯಲ್ಲಿ ಹದವಾದ ಚರ್ಮ ಬೆವರನ್ನು ಹೀರುತ್ತದೆ, ತೊಟ್ಟವನ ಪಾದದ ಅಚ್ಚನ್ನು ತನ್ನಲ್ಲಿ ಮೂಡಿಸಿಕೊಳ್ಳುತ್ತದೆ. ಬಿಸಿಲು ನಾಡಿನ ಕಾಲಿಗೆ ಬೇಕಾದುದು ಇದೇ.

ಕಸುಬಿನ ಮುಂದಿನ ಅರ್ಧ ಮನೆಯ ಅಂಗಳದಲ್ಲಿ ನಡೆಯುತ್ತದೆ. ಎಮ್ಮೆಯ ದಪ್ಪ ಚರ್ಮವನ್ನು ರಂಪಿಗೆಯಿಂದ ಅಟ್ಟೆಗೆ ಕತ್ತರಿಸುವುದು, ಪದರಗಳನ್ನು ಕಲ್ಲಿನ ಮೇಲಿಟ್ಟು ಬಡಿದು ಕೂಡಿಸುವುದು ಗಂಡಸರ ಕೆಲಸ. ಮೇಲಿನ ಪಟ್ಟಿಯ ಹೆಣಿಗೆ ಹೆಂಗಸರದು. ಆಡಿನ ತೆಳು ಚರ್ಮವನ್ನು ನೂಲಿನಂತೆ ಸೀಳಿ ಜಡೆ ಹೆಣೆದು, ಅಂಚಿಗೆ ಗೊಂಡೆ ಕಟ್ಟಿ, ಹೂವಿನಂತೆ ತೂತು ಹೊಡೆಯುವ ಬೆರಳುಗಳು ಅವರವು. ಶುದ್ಧ ಹಳೆಯ ಪದ್ಧತಿಯ ಜೋಡಿನಲ್ಲಿ ಒಂದು ಮೊಳೆಯೂ ಇರುವುದಿಲ್ಲ. ಚರ್ಮವನ್ನು ಚರ್ಮದ ಬಾರಿನಿಂದಲೇ ಹೊಲಿದಿರುತ್ತದೆ. ಕಾಪಶಿ, ಪಾಯತಾಣ, ಪುಕಾರಿ ಎಂದು ಮಾದರಿಗಳಿಗೆ ಹೆಸರುಗಳುಂಟು. ನಡೆಯುವಾಗ ಕರಕರ ಸದ್ದು ಮಾಡುವಂತೆ ಕಟ್ಟಿದ ಗಂಡಸರ ಜೋಡು ಹಿಂದೆ ಊರಗೌಡರ ಹೆಮ್ಮೆಯಾಗಿತ್ತು. ಯಜಮಾನರು ಬರುತ್ತಿರುವರೆಂದು ಅರ್ಧ ಬೀದಿಗೆ ಮೊದಲೇ ತಿಳಿಯುತ್ತಿತ್ತು. ಒಳಗೆ ಹರಟುತ್ತ ಕುಳಿತವರಿಗೆ ಅದರಿಂದ ಆದ ಅನುಕೂಲವನ್ನು ಮಾತ್ರ ಯಾರೂ ಲೆಕ್ಕಹಾಕಿಲ್ಲ.

ಈ ಕೈಗಳ ವಂಶಾವಳಿ ಕನ್ನಡಿಗರಿಗೆ ಅಪರಿಚಿತವಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರೊಡನೆ ಕುಳಿತ ಶರಣರಲ್ಲಿ ಡೋಹರ ಕಕ್ಕಯ್ಯ ಚರ್ಮ ಹದ ಮಾಡುವವನು, ಹರಳಯ್ಯ ಚಪ್ಪಲಿ ಹೊಲಿಯುವವನು. ಹರಳಯ್ಯನೂ ಅವನ ಸತಿ ಕಲ್ಯಾಣಮ್ಮನೂ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನವರಿಗೆ ಪಾದರಕ್ಷೆ ಮಾಡಿದ ಕಥೆಯನ್ನು ಕೇಳದ ಮಗು ಈ ಸೀಮೆಯಲ್ಲಿಲ್ಲ. ಅವನ ಮಗನಿಗೆ ಬ್ರಾಹ್ಮಣ ಮಧುವರಸನ ಮಗಳನ್ನು ಕೊಟ್ಟುದಕ್ಕಾಗಿ ಬೀಗರಿಬ್ಬರೂ ಪ್ರಾಣ ತೆತ್ತರೆಂಬುದೂ, ಕಲ್ಯಾಣವೇ ಕದಡಿಹೋಯಿತೆಂಬುದೂ ಎಲ್ಲರಿಗೂ ಗೊತ್ತು. ಕಥೆಯನ್ನು ಕಣ್ಣೀರಿನೊಡನೆ ಕೇಳಿದ ಊರುಗಳೇ ಹರಳಯ್ಯನ ಕುಲದವರ ಮನೆಗಳನ್ನು ಊರ ಹೊರಗೆ ಇರಿಸಿದವು. ಹದ ಮಾಡುವ ತೊಟ್ಟಿಯ ವಾಸನೆಯನ್ನು ಅದಕ್ಕೆ ನೆಪವಾಗಿ ಹೇಳಿದವರುಂಟು. ನಿಪ್ಪಾಣಿಯ ತಂಬಾಕಿನ ಘಾಟನ್ನು ಊರ ನಡುವೆಯೇ ಸಹಿಸಿಕೊಂಡ ಮೂಗುಗಳಿಗೆ ಈ ನೆಪ ಒಪ್ಪುವುದಿಲ್ಲ.

ಅಥಣಿಗೆ ಇನ್ನೊಂದು ಹೆಸರನ್ನು ತಂದುಕೊಟ್ಟ ಗಚ್ಚಿನಮಠವನ್ನು ಇಲ್ಲಿ ನೆನೆಯಬೇಕು. ೧೮೩೬ರಲ್ಲಿ ಇದೇ ತಾಲೂಕಿನಲ್ಲಿ ಹುಟ್ಟಿ ೧೯೨೧ರಲ್ಲಿ ಲಿಂಗೈಕ್ಯರಾದ ಮುರುಘೇಂದ್ರ ಶಿವಯೋಗಿಗಳು ಆ ಮಠದಲ್ಲಿ ಬಾಳಿದರು. ಪೀಠದ ಸಂಪತ್ತಿಗೆ ಕೈಯೊಡ್ಡದೆ, ಭಿಕ್ಷೆಯ ಸರಳತೆಯಲ್ಲಿ ಬದುಕಿದ ಅವರನ್ನು ಕಾಣಲು ದೊಡ್ಡವರೂ ಬಡವರೂ ಅಥಣಿಯ ಬಿಸಿಲನ್ನು ತುಳಿದು ಬರುತ್ತಿದ್ದರು. ಲೋಕಮಾನ್ಯ ತಿಲಕರೂ ಅವರ ದರ್ಶನ ಪಡೆದರೆಂಬುದನ್ನು ಊರಿನವರು ಹೆಮ್ಮೆಯಿಂದ ಹೇಳುವರು. ಧಾರವಾಡದ ಮುರುಘಾಮಠದ ಮೃತ್ಯುಂಜಯ ಸ್ವಾಮಿಗಳು ಇವರ ನೆರಳಿನಲ್ಲಿ ಬೆಳೆದವರು. ಆ ಮಠದ ಪ್ರಸಾದನಿಲಯದಲ್ಲಿ ಉಂಡು ಓದಿದ ಬಡ ವಿದ್ಯಾರ್ಥಿಗಳ ಸಂಖ್ಯೆ ಅಪಾರ. ಹೀಗೆ ಅಥಣಿಯ ಒಣ ಬಯಲಿನ ಒಂದು ತೊರೆ ಧಾರವಾಡದಲ್ಲಿ ಕೆರೆಯಾಯಿತು.

ಶಿವಯೋಗಿಗಳ ಹೆಸರಿನ ಮುಂದೆ ಅಥಣಿ ಎಂಬ ಊರು ಸದಾ ಇರುತ್ತದೆ. ಕಾಲ್ಮರಿಯ ಮುಂದೆ ಅದು ಇಲ್ಲ. ಅಥಣಿಯಲ್ಲಿ ಹೊಲಿದ ಜೋಡು ಜಗತ್ತಿಗೆಲ್ಲ ‘ಕೊಲ್ಹಾಪುರಿ’.

ಇದರಲ್ಲಿ ಕೊಲ್ಹಾಪುರದ ತಪ್ಪೇನೂ ಇಲ್ಲ. ಅದು ಸಂಸ್ಥಾನದ ರಾಜಧಾನಿ, ದೊಡ್ಡ ಪೇಟೆ. ಶಾಹು ಮಹಾರಾಜರು ಚರ್ಮದ ಕಸುಬಿಗೂ ಅದನ್ನು ಮಾಡುವವರ ಮಾನಕ್ಕೂ ಆಸರೆಯಾದವರು. ಸುತ್ತಣ ಹಳ್ಳಿ-ಪಟ್ಟಣಗಳ ಜೋಡುಗಳೆಲ್ಲ ಆ ಪೇಟೆಗೆ ಹೋಗಿ ಅಲ್ಲಿಯ ಹೆಸರನ್ನು ಹೊತ್ತು ಮುಂದೆ ಹೊರಟವು. ಬ್ಯಾಡಗಿಯ ಮೆಣಸಿನಕಾಯಿ ಎಲ್ಲವೂ ಬ್ಯಾಡಗಿಯ ಹೊಲದಲ್ಲಿ ಬೆಳೆದುದಲ್ಲವಷ್ಟೆ. ೧೯೫೬ರ ನವೆಂಬರ್ ಒಂದರಂದು ರಾಜ್ಯಗಳ ಗಡಿ ಎಳೆದಾಗ ಮುಂಬಯಿ ಪ್ರಾಂತದಲ್ಲಿದ್ದ ಈ ತಾಲೂಕುಗಳು ಆಗಿನ ಮೈಸೂರು ರಾಜ್ಯಕ್ಕೆ ಬಂದವು. ಕೊಲ್ಹಾಪುರ, ಮಿರಜ, ಸಾಂಗಲಿಗಳು ಆಚೆ ಉಳಿದವು. ಗೆರೆ ಬಿದ್ದುದು ನಕಾಶೆಯ ಮೇಲೆ. ಚರ್ಮ, ಸಾಲ, ಮದುವೆಯ ಸಂಬಂಧ, ಎರಡು ಭಾಷೆಗಳ ಬೈಗುಳ, ಎಲ್ಲವೂ ಮೊದಲಿನಂತೆ ಆಚೀಚೆ ಓಡಾಡುತ್ತಲೇ ಇದ್ದವು.

೨೦೧೯ರಲ್ಲಿ ‘ಕೊಲ್ಹಾಪುರಿ ಚಪ್ಪಲಿ’ಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೋಲಾಪುರಗಳು, ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳು, ಒಟ್ಟು ಎಂಟು ಜಿಲ್ಲೆಗಳು ಆ ಹಕ್ಕಿಗೆ ಭಾಗಿಗಳು. ಎರಡು ರಾಜ್ಯಗಳ ಚರ್ಮೋದ್ಯೋಗ ನಿಗಮಗಳು, ಮಹಾರಾಷ್ಟ್ರದ ಲಿಡ್ಕಾಮ್ ಮತ್ತು ಕರ್ನಾಟಕದ ಲಿಡ್ಕರ್, ಅದರ ಒಡೆಯರಾಗಿ ದಾಖಲಾದವು. ನೀರಿಗಾಗಿ, ಗಡಿಗಾಗಿ ಎಡೆಬಿಡದೆ ವ್ಯಾಜ್ಯವಾಡಿದ ಎರಡು ಸರಕಾರಗಳು ಚಪ್ಪಲಿಯ ವಿಷಯದಲ್ಲಿ ಒಂದೇ ಕಾಗದಕ್ಕೆ ರುಜು ಹಾಕಿದುದು ಸಣ್ಣ ಸಂಗತಿಯಲ್ಲ.

ಆದರೆ ಕಾಗದದ ಮೇಲಿನ ಹೆಸರು ಜನರ ಬಾಯಿಗೆ ಬರುವುದು ತಡ. ೨೦೨೫ರ ಜೂನಿನಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಪ್ರಾಡಾ ಎಂಬ ಸಿರಿವಂತರ ಉಡುಪಿನ ಸಂಸ್ಥೆ ತನ್ನ ಪ್ರದರ್ಶನದಲ್ಲಿ ಗಂಡಸರ ಕಾಲಿಗೆ ತೊಡಿಸಿದ ಚಪ್ಪಲಿಗಳು ಥೇಟು ಕೊಲ್ಹಾಪುರಿಯಂತೆಯೇ ಇದ್ದವು. ಮೂಲದ ಹೆಸರು ಮಾತ್ರ ಎಲ್ಲಿಯೂ ಇರಲಿಲ್ಲ. ಮಹಾರಾಷ್ಟ್ರದಲ್ಲಿ ಕೋಲಾಹಲವಾಯಿತು. ಸಂಸ್ಥೆ ತನ್ನ ಮಾದರಿಗೆ ಭಾರತದ ಈ ಕಸುಬೇ ಸ್ಫೂರ್ತಿಯೆಂದು ಒಪ್ಪಿಕೊಂಡಿತು. ಆ ಗದ್ದಲದ ನಡುವೆ, ಇದನ್ನು ಮಾಡುವವರಲ್ಲಿ ಬಹುಮಂದಿ ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗಗಳಲ್ಲಿಯೂ ಇದ್ದಾರೆಂದು ಕರ್ನಾಟಕದ ಸಚಿವ ಪ್ರಿಯಾಂಕ ಖರ್ಗೆಯವರು ಜಗತ್ತಿಗೆ ನೆನಪು ಮಾಡಬೇಕಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಪ್ರಾಡಾ ಎರಡೂ ನಿಗಮಗಳೊಡನೆ ಒಪ್ಪಂದ ಮಾಡಿಕೊಂಡು, ಎರಡು ರಾಜ್ಯಗಳಲ್ಲಿ ೨,೦೦೦ ಜೋಡು ಮಾಡಿಸುವುದಾಗಿ ಪ್ರಕಟಿಸಿತು. ಒಂದು ಜೋಡಿನ ಬೆಲೆ ಸುಮಾರು ೮೦೦ ಯೂರೋ. ಈ ಲೆಕ್ಕವನ್ನು ರೂಪಾಯಿಗೆ ತಿರುಗಿಸುವ ಕೆಲಸವನ್ನು ಓದುಗರಿಗೇ ಬಿಡುವುದು ಲೇಸು. ಅದೇ ಹಣದಲ್ಲಿ ಅಥಣಿಯ ಪೇಟೆಯಲ್ಲಿ ಒಂದು ಮದುವೆಯ ದಿಬ್ಬಣಕ್ಕೆಲ್ಲ ಜೋಡು ಕೊಡಿಸಬಹುದು.

ಹೊಲಿದವನ ಕೈಗೆ ಎಷ್ಟು ಸಿಗುತ್ತದೆ ಎಂಬುದು ಇಲ್ಲಿಯ ಹಳೆಯ ಪ್ರಶ್ನೆ. ಚರ್ಮ ಕೊಳ್ಳಲು ವ್ಯಾಪಾರಿಯಿಂದ ಮುಂಗಡ ಪಡೆಯಬೇಕು. ಮುಂಗಡ ಪಡೆದವನು ವ್ಯಾಪಾರಿ ಹೇಳಿದ ಬೆಲೆಗೇ ಜೋಡು ಒಪ್ಪಿಸಬೇಕು. ಈ ಗಂಟನ್ನು ಬಿಡಿಸುವ ಒಂದು ಗಟ್ಟಿಯಾದ ಪ್ರಯತ್ನ ತೊಂಬತ್ತರ ದಶಕದ ಕೊನೆಯಲ್ಲಿ ಅಥಣಿಯಲ್ಲಿ ನಡೆಯಿತು. ಹೆಣಿಗೆಯ ಕೆಲಸ ಮಾಡುತ್ತಿದ್ದ ಹೆಂಗಸರು ಸ್ವಸಹಾಯ ಸಂಘಗಳನ್ನು ಕಟ್ಟಿಕೊಂಡು ಉಳಿತಾಯ ಮಾಡಿದರು. ಆ ಸಂಘಗಳೆಲ್ಲ ಕೂಡಿ ‘ಟೋಹೋಲ್ಡ್’ ಎಂಬ ಹೆಸರಿನಲ್ಲಿ ತಮ್ಮದೇ ಜೋಡುಗಳನ್ನು ಹೊರದೇಶಗಳಿಗೆ ಕಳಿಸತೊಡಗಿದವು. ತಲೆಮಾರುಗಳಿಂದ ಗಂಡನ ಕೆಲಸಕ್ಕೆ ಕೈಗೂಡಿಸುವವಳು ಎಂದಷ್ಟೇ ಎಣಿಸಲ್ಪಟ್ಟಿದ್ದ ಹೆಣ್ಣು ಬ್ಯಾಂಕಿನ ಪುಸ್ತಕದ ಮೇಲೆ ತನ್ನ ಹೆಸರನ್ನು ಕಂಡಳು. ಎಲ್ಲ ಮನೆಗಳಿಗೂ ಆ ಭಾಗ್ಯ ತಲುಪಲಿಲ್ಲವೆಂಬುದು ನಿಜ. ಆದರೂ ಗಾಜಿನ ಕಪಾಟಿನ ಆಚೆಗೆ ಈ ಕಸುಬಿನ ಮುಖ ಕಂಡುದು ಅಂದಿನಿಂದ.

ಈಗ ಅಥಣಿಯ ಬಯಲೇ ಬದಲಾಗುತ್ತಿದೆ. ಏತ ನೀರಾವರಿ, ಕಾಲುವೆ, ಕೊಳವೆಬಾವಿಗಳಿಂದ ನೀರು ಬಂದಷ್ಟು ದೂರ ಕಬ್ಬು ಬಂದಿದೆ. ಕಬ್ಬಿನ ಹಿಂದೆ ಸಕ್ಕರೆ ಕಾರ್ಖಾನೆಗಳು, ಅವುಗಳ ಹಿಂದೆ ಹಣ, ಹಣದ ಹಿಂದೆ ರಾಜಕಾರಣ. ರಾಜಸ್ಥಾನದಲ್ಲಿಯೂ ೧೯೮೦ರ ದಶಕದಲ್ಲಿ ಇಂದಿರಾ ಗಾಂಧಿ ಕಾಲುವೆ ಜೈಸಲಮೇರಿನ ಮರಳಿಗೆ ಹಿಮಾಲಯದ ನೀರನ್ನು ತಂದಿತು. ಎಷ್ಟೋ ಕಡೆ ಬೆಳೆ ತಂದಿತು, ಕೆಲವೆಡೆ ಜೌಗನ್ನೂ ಸವುಳನ್ನೂ ತಂದಿತು. ಕೃಷ್ಣೆಯ ದಂಡೆಯ ಸವುಳು ನೆಲಗಳನ್ನು ಕಂಡವರಿಗೆ ಈ ಪಾಠ ಹೊಸದಲ್ಲ. ಆದರೆ ಟ್ಯಾಂಕರಿನ ಹಿಂದೆ ಕೊಡ ಹಿಡಿದು ಓಡಿದ ಊರಿಗೆ ನೀರು ಬೇಡವೆನ್ನುವ ಅಧಿಕಾರ ಯಾರಿಗೂ ಇಲ್ಲ; ಬರವನ್ನು ದೂರದಿಂದ ಕಂಡು ಅದರ ಚೆಲುವನ್ನು ಹೊಗಳುವವರಿಗಂತೂ ಇಲ್ಲವೇ ಇಲ್ಲ.

ಕಾಲ್ಮರಿಯ ಓಣಿಯ ಕಷ್ಟಗಳು ಬೇರೆ. ಜಾನುವಾರುಗಳ ಕುರಿತಾದ ಹೊಸ ಕಾಯಿದೆಗಳು ಮಹಾರಾಷ್ಟ್ರದಲ್ಲಿ ೨೦೧೫ರಲ್ಲಿಯೂ ಕರ್ನಾಟಕದಲ್ಲಿ ೨೦೨೧ರಲ್ಲಿಯೂ ಜಾರಿಗೆ ಬಂದ ಮೇಲೆ ಹಸಿಚರ್ಮದ ಪೂರೈಕೆ ಮೊದಲಿನಂತಿಲ್ಲ. ಟ್ರಾಕ್ಟರು ಬಂದ ಹೊಲದಲ್ಲಿ ಎತ್ತುಗಳೂ ಕಡಿಮೆ. ಹದವಾದ ಚರ್ಮವನ್ನು ಹೊರಗಿನಿಂದ, ದೂರದ ಚೆನ್ನೈಯಿಂದಲೂ, ತರಿಸುವುದುಂಟು. ಸಂತೆಯಲ್ಲಿ ರೆಕ್ಸಿನ್ನಿನ ಜೋಡು ಕಾಲು ಭಾಗದ ಬೆಲೆಗೆ ಸಿಗುತ್ತದೆ, ಅದರ ಮೇಲೂ ‘ಕೊಲ್ಹಾಪುರಿ’ ಎಂದೇ ಬರೆದಿರುತ್ತದೆ. ಓಣಿಯ ಹುಡುಗ ಕಾಲೇಜಿಗೆ ಹೋಗುತ್ತಾನೆ, ಹೋಗಲೇಬೇಕು. ಅವನಿಗೆ ರಂಪಿಗೆಯನ್ನು ಮತ್ತೆ ಹಿಡಿಯೆಂದು ಉಪದೇಶಿಸುವ ನಗರದ ಕಲಾಪ್ರೇಮಿಗಳು ತಮ್ಮ ಮಕ್ಕಳಿಗೆ ಆ ಉಪದೇಶ ಮಾಡುವುದಿಲ್ಲ. ಕಸುಬಿನ ಜೊತೆಗೆ ಅಂಟಿಬಂದ ಅವಮಾನ ಹೋಗದ ಹೊರತು ಬೆಲೆ ಏರಿದುದರಿಂದ ಮಾತ್ರ ಆ ಹುಡುಗ ಮರಳುವನೆಂದು ತೋರುವುದಿಲ್ಲ. ಮರಳಿದವರೂ ಕೆಲವರಿದ್ದಾರೆ, ತಾಯಿ ಹೆಣೆದ ಪಟ್ಟಿಯ ಚಿತ್ರವನ್ನು ಕೈಫೋನಿನಲ್ಲಿ ಊರೂರಿಗೆ ಕಳಿಸಿ ವ್ಯಾಪಾರಿಯ ಹಂಗಿಲ್ಲದೆ ಮಾರುವವರು ಅವರು.

ಜೂನ್ ತಿಂಗಳು ಬಂದೊಡನೆ ಅಥಣಿಯ ಒಕ್ಕಲಿಗ ಪಡುವಣ ದಿಕ್ಕನ್ನು ನೋಡತೊಡಗುತ್ತಾನೆ. ಪೇಟೆಯ ದಲಾಲರು, ಕಾರ್ಖಾನೆಯವರು, ಮಠದ ಭಕ್ತರು ಎಲ್ಲರೂ ಮಳೆಯ ಮಾತನ್ನೇ ಆಡುತ್ತಾರೆ. ಚರ್ಮದ ಓಣಿಯಲ್ಲಿ ಮಾತ್ರ ಆಗ ಬೇರೆ ಲೆಕ್ಕ ನಡೆದಿರುತ್ತದೆ. ಮೋಡ ಕವಿದರೆ ಚರ್ಮ ಒಣಗುವುದಿಲ್ಲ, ಹಸಿಯಾದ ಅಟ್ಟೆಗೆ ಬೂಸಲು ಹಿಡಿಯುತ್ತದೆ, ಕೆಸರಿನಲ್ಲಿ ಈ ಜೋಡನ್ನು ಯಾರೂ ತೊಡುವುದಿಲ್ಲ. ನಾಲ್ಕು ತಿಂಗಳ ಜೋಳ, ಮಕ್ಕಳ ಶಾಲೆಯ ಫೀಸು, ಮನೆಯ ಮೇಲಿನ ಹೊದಿಕೆ, ಇಷ್ಟಕ್ಕೂ ವ್ಯಾಪಾರಿಯ ಬಳಿ ಮುಂಗಡ ತರಬೇಕು. ದೀಪಾವಳಿಯ ಬಿಸಿಲು ಬೀಳುವವರೆಗೆ ಎಷ್ಟು ಜೋಡು ತೀರಿಸಬೇಕಾದೀತೆಂದು ಮನೆಯಾಕೆ ಗೋಡೆಯ ಮೇಲೆ ಇದ್ದಿಲಿನಿಂದ ಗೆರೆ ಹಾಕಿ ಎಣಿಸುತ್ತಾಳೆ.